ಮನೇಲಿ ಓದ್ಕೊಳ್ಳಿ ಅಂದ ಪಾಠ

ಆಸ್ಪತ್ರೆಯಲ್ಲಿ ನಾನು ಆಪ್ತಸಮಾಲೋಚಕಿ. ಆಗಾಗ ಕಾಲೇಜುಗಳಿಗೂ ಹೋಗಿ ಎಚ್‌ಐವಿ, ಲೈಂಗಿಕ ಸೋಂಕುಗಳ ಬಗ್ಗೆ ಪಾಠ ಹೇಳುತ್ತೇನೆ. ಮಕ್ಕಳು ನಾಚುತ್ತಾರೆ, ಮೇಷ್ಟ್ರುಗಳು ಅವರಿಗಿಂತ ಹೆಚ್ಚು ನಾಚುತ್ತಾರೆ, ನಗು ತಡೆದುಕೊಳ್ಳುವ ಕಷ್ಟ ಮಾತ್ರ ನನ್ನದು. ಕೆಸರೆಯ ಕಾಲೇಜೊಂದರಲ್ಲೂ ಹೀಗೇ ಆಯಿತು.

ಓದುವ ಜಾಗ

"ಸಂತಾನೋತ್ಪತ್ತಿ ಪಾಠ ಓದಿದ್ದೀರಾ?" ಎಂದೆ. ಎಲ್ಲರೂ ಡೆಸ್ಕು ನೋಡತೊಡಗಿದರು. ಕೊನೆಗೊಬ್ಬಳು ಎದ್ದಳು.

"ಇದನ್ನ ಮನೇಲಿ ಓದ್ಕೊಳ್ಳಿ ಅಂದ್ಬುಟ್ರು ಮಿಸ್ಸು. ಮನೇಲಿ ತೆಗೆದ್ರೆ, ಇಂಥದ್ದೆಲ್ಲ ಕಾಲೇಜಲ್ಲೇ ಓದ್ಕೊಂಡು ಬಾ ಅಂತಾರೆ ನಮ್ಮಮ್ಮ."

"ಮತ್ತೆ ಎಲ್ಲಿ ಓದಿದೆ?"

"ಸಿಟಿ ಬಸ್ಸಲ್ಲಿ ಮೇಡಂ. ಪಕ್ಕದಲ್ಲಿದ್ದ ಅಜ್ಜಿ, ತಾಳು ಕಣವ್ವ, ಪುಟ ತಿರುವಬೇಡ, ನಂದಿನ್ನೂ ಚಿತ್ರ ನೋಡಿ ಆಗಿಲ್ಲ ಅಂದ್ರು."

ಡಬ್ಬಿ

ಒಟ್ಟಿಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಎಚ್‌ಐವಿ ಬರುವುದಿಲ್ಲ ಎಂದೆ. ಹಿಂದಿನ ಬೆಂಚಿನವಳೊಬ್ಬಳು ಹಣೆ ಚಚ್ಚಿಕೊಂಡಳು.

"ಅಯ್ಯೋ, ಯಾಕೆ ಹೇಳ್ಬುಟ್ರಿ ಮೇಡಂ? ಎಂಜಲಿಂದ ಕಾಯಿಲೆ ಬರುತ್ತೆ ಕಣ್ರೇ ಅಂತ ಹೆದರಿಸಿಯೇ ಇಷ್ಟು ದಿನ ನನ್ನ ಡಬ್ಬಿ ಉಳಿಸ್ಕೊಂಡಿದ್ದೆ!"

ಊಟದ ಹೊತ್ತಿಗೆ ಅವಳ ಪುಳಿಯೋಗರೆಯನ್ನು ಗೆಳತಿಯರೆಲ್ಲ ಸೇರಿ ಧೈರ್ಯವಾಗಿ ಮುಗಿಸಿದ್ದರು. ನನ್ನ ಪಾಠ ಇಷ್ಟು ಬೇಗ ಯಾರ ತಲೆಗೂ ಹೋಗಿದ್ದಿಲ್ಲ.

ಹರಕೆ

ಈ ಪ್ರಸಂಗದಲ್ಲಿ ಮಾತ್ರ ಮೊದಮೊದಲು ನಗು ಬರಲಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯಲ್ಲೇ ಇನ್ನೊಬ್ಬರಿಗೆ ಹಚ್ಚೆ ಹಾಕಿದರೆ ಸೋಂಕು ತಗುಲಬಹುದು ಎಂದು ಪಾಠದಲ್ಲಿ ಹೇಳಿದ್ದೆ. ಮಾರನೇ ದಿನ ಆ ಕಾಲೇಜಿನ ಹುಡುಗನೊಬ್ಬ ಆಸ್ಪತ್ರೆಗೆ ಬಂದ. ಆಗಷ್ಟೇ ಹದಿನೆಂಟು ತುಂಬಿತ್ತು. ಅಂಗಿಯ ತೋಳು ಮಡಿಸಿ ಹಚ್ಚೆ ತೋರಿಸಿದ, 'ಅಮ್ಮ' ಎಂದಿತ್ತು. ಹೋದ ವರ್ಷ ರಸ್ತೆ ಬದಿಯಲ್ಲಿ ಹಾಕಿಸಿದ್ದನಂತೆ, ಎಲ್ಲರಿಗೂ ಒಂದೇ ಸೂಜಿ.

"ನಮ್ಮಮ್ಮಂಗೆ ನಾನೊಬ್ನೇ ಮಗ ಮೇಡಂ. ಬಂದ್ಬುಟ್ಟಿದ್ರೆ ಏನ್ಮಾಡ್ಲಿ?" ಎಂದವನ ಕಣ್ಣು ತುಂಬಿತ್ತು.

ಬಂದಿದ್ದರೂ ಔಷಧಿಯಿದೆ, ತೆಗೆದುಕೊಳ್ಳುತ್ತ ಎಲ್ಲರಂತೆ ಬದುಕಬಹುದು ಎಂದು ಸಮಾಧಾನ ಹೇಳಿ ರಕ್ತ ಕೊಡಲು ಕಳಿಸಿದೆ. ವರದಿ ಬರುವ ತನಕ ನಾನೂ ಬಾಗಿಲ ಕಡೆಗೇ ನೋಡುತ್ತಿದ್ದೆ.

ನೆಗೆಟಿವ್! ಅವನಿಗಿಂತ ಮೊದಲು ನಾನೇ ಉಸಿರು ಬಿಟ್ಟೆ. ಅವನು ಚಾಮುಂಡಿ ಬೆಟ್ಟದ ದಿಕ್ಕಿಗೆ ಕೈಮುಗಿದ.

"ಚಾಮುಂಡಿ ತಾಯಿ ಕಾಪಾಡಿದ್ಲು. ಏನೂ ಇಲ್ದಿದ್ರೆ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿಸ್ತೀನಿ ಅಂತ ಹರಕೆ ಹೊತ್ತಿದ್ದೆ ಮೇಡಂ."

"ಹಚ್ಚಿಸ್ತೀನಿ ಅಂದ್ರೆ? ಯಾರ ಕೈಲಿ?"

"ನಿಮ್ಮ ಕೈಲಿ. ನಾನೇ ಹಚ್ತಾ ಹೋದ್ರೆ ಯಾಕೋ ಅಂತ ಅಮ್ಮ ಕೇಳ್ತಾರೆ. ನಿಮ್ಮನ್ನ ಕೇಳೋರು ಯಾರು?"