ಹನ್ನೆರಡು ಅಂಕಿ ಮುಚ್ಚುವ ಕೆಲಸ

ಸರ್ಕಾರಿ ಕಚೇರಿಯ ಗುಮಾಸ್ತ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಗುವೇ ಅರ್ಜಿ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ. ಆದರೆ ದಾಂಡೇಲಿಯ ನಮ್ಮ ಕಚೇರಿಯಲ್ಲಿ ಆ ಬೆಳಗ್ಗೆ ನನಗೆ ನಗು ಬಂದಿರಲಿಲ್ಲ. ಪ್ಲಾಟ್ ಮಂಜೂರಾದವರ ಪಟ್ಟಿಯನ್ನು ಹಿಂದಿನ ದಿನ ನಾನೇ ನೋಟಿಸ್ ಬೋರ್ಡಿಗೆ ಹಚ್ಚಿದ್ದೆ, ಎಲ್ಲರ ಆಧಾರ್ ಸಂಖ್ಯೆ ಪೂರ್ತಿ ಸಮೇತ. ಯಾರೋ ದೂರು ಕೊಟ್ಟರು. ತಪಾಸಣೆಗೆ ಸಾಹೇಬರು ಹಳಿಯಾಳ ಬಿಟ್ಟಾಗಿದೆ ಎಂದು ಫೋನ್ ಬಂತು. ಆ ಪಟ್ಟಿ ಅವರ ಕಣ್ಣಿಗೆ ಬಿದ್ದರೆ ನನ್ನ ಅಮಾನತು ಖಂಡಿತ.

೧. ಟಿಕಳಿ

ಬೋರ್ಡಿಗೆ ಗಾಜು, ಗಾಜಿಗೆ ಕೀಲಿ. ಕೀಲಿಕೈ ಜವಾನನ ಕಿಸೆಯಲ್ಲಿ, ಜವಾನ ಮೌಳಂಗಿಯ ನೆಂಟರ ಮನೆಯಲ್ಲಿ. ಫೋನ್ ಮಾಡಿ ಬೈದು ಕರೆದೆ. ಅಷ್ಟರಲ್ಲಿ ಪಟ್ಟಿ ನೋಡಲು ಬಂದವರು ಮೊಬೈಲ್ ತೆಗೆದರು. ನಾನು ಕೈ ಅಗಲಿಸಿ ಅಡ್ಡ ನಿಂತೆ.

"ಸರೀರಿ ಅಣ್ಣಾರ, ನನ್ನ ನಂಬರ್ ನಾನ ಮುಚ್ಚತೇನಿ" ಎಂದು ಅಂಬೇವಾಡಿಯ ಹೆಣ್ಣುಮಗಳೊಬ್ಬಳು ಹಣೆಯ ಟಿಕಳಿ ಕಿತ್ತು ಗಾಜಿಗೆ ಅಂಟಿಸಿದಳು. ಮುಚ್ಚಿದ್ದು ಒಂದೇ ಅಂಕಿ. ಸಾಲಿನಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ, "ಇನ್ನ ಹನ್ನೊಂದು ಹಣಿ ಬೇಕಲ್ರೀ!" ಎಂದಳು.

೨. ಹಾಳೆಯ ಪರೀಕ್ಷೆ

ಜವಾನ ಓಡಿ ಬಂದ. ಪಟ್ಟಿ ಹೊರತೆಗೆದು ಎಲ್ಲ ಸಂಖ್ಯೆಗಳಿಗೂ ಕಪ್ಪು ಮಾರ್ಕರ್ ಬಳಿದೆ. ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹಾಳೆ ಇಸಿದುಕೊಂಡು, ಬೆರಳಿನಿಂದ ತಿಕ್ಕಿ, ಬಿಸಿಲಿಗೆ ಹಿಡಿದರು.

"ಏಳು, ಎರಡು, ಒಂಬತ್ತು... ಇದು ನಂದ."

"ಮೆಲ್ಲಕ ಯಜಮಾನ್ರ! ಎಲ್ಲಾ ಕಾಣತೈತೇನು?" ಎಂದೆ.

"ಕಾಣದ ಏನ್ ಮಾಡೀತ್ರಿ? ಇಷ್ಟ ತೆಳ್ಳನ ಹಾಳಿ ತಂದೀರಿ, ನಿಮಗ ಯಾರೋ ಟೋಪಿ ಹಾಕ್ಯಾರ" ಎಂದು ನನಗಾಗಿ ಮರುಗಿದರು.

೩. ಹೇಳಿಕೆ

ಕೊನೆಯ ನಾಲ್ಕೇ ಅಂಕಿ ಉಳಿಸಿ ಹೊಸ ಪಟ್ಟಿ ಮುದ್ರಿಸಿ ಹಚ್ಚುವುದಕ್ಕೂ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಹೇಳಿಕೆ ಬರೆದುಕೊಳ್ಳಲು ವಹಿ ಹಿಡಿದ ಸಹಾಯಕನೊಂದಿಗೆ ಇಳಿದ ಸಾಹೇಬರು ಕನ್ನಡಕ ಏರಿಸಿ ನೋಡಿ, "ಛಲೋ ಮಾಡೀರಿ" ಎಂದರು. ಹೋದ ಜೀವ ಬಂದಂತಾಯಿತು.

ಆಗ ಗ್ಯಾರೇಜಿನ ಮಿಸ್ತ್ರಿಯೊಬ್ಬ ಮುಂದೆ ಬಂದು ಪಟ್ಟಿಯಲ್ಲಿ ತನ್ನ ಹೆಸರಿಗೆ ಬೆರಳು ತೋರಿದ. "ಸಾಬ್, ಈ ಹೆಸರಿನವ್ರು ಊರಾಗ ಇಬ್ಬರದೀವಿ. ನನ್ನ ಪ್ಲಾಟ್ ಅವಂಗ ಹೋದ್ರ?" ಎಂದವನೇ ತನ್ನ ಹನ್ನೆರಡೂ ಅಂಕಿ ಗಟ್ಟಿಯಾಗಿ ಹೇಳಿಬಿಟ್ಟ. ಅವನು ಹೇಳಿದ್ದೇ ತಡ, ತಮ್ಮ ಪ್ಲಾಟ್ ಎಲ್ಲಿ ಕೈತಪ್ಪುತ್ತದೋ ಎಂದು ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಸಂಖ್ಯೆ ಕೂಗಿದರು. "ಹೇಳಬ್ಯಾಡ್ರೀ, ಹೇಳಬ್ಯಾಡ್ರೀ!" ಎಂದು ನಾನೂ ಸಾಹೇಬರೂ ಅರಚಿದ್ದು ಯಾರ ಕಿವಿಗೂ ಬೀಳಲಿಲ್ಲ.

ಗದ್ದಲ ನಿಂತಾಗ ಸಾಹೇಬರ ಸಹಾಯಕ ವಹಿಯಿಂದ ತಲೆಯೆತ್ತಿ ಕೇಳಿದ:

"ಎಲ್ಲಾರ ಹೇಳಿಕೆ ನಂಬರ್ ಸಮೇತ ಬರಕೊಂಡೇನ್ರಿ ಸರ್. ಒಂದು ಪ್ರತಿ ಬೋರ್ಡಿಗೆ ಹಚ್ಚಲೇನ್ರಿ?"