ಮೊಮ್ಮಗಳನ್ನು ಎತ್ತಿ ಸೋಲಿಸಿದ್ದು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಫಿನ್ಲೆಂಡಿನ ಒಬ್ಬ ಓಟಗಾರನ ಕಥೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಷ್ಟು ಗೊತ್ತಿದ್ದೂ ಹೀಗೆ ಮಾಡಿದೆನಲ್ಲ, ಅದೇ ನನ್ನ ನಾಚಿಕೆ. ಕಥೆ ಹೇಳಿದವಳು ಮೊಮ್ಮಗಳು ಪ್ರಾಪ್ತಿ. ಗಲ್ಫಿನಲ್ಲಿ, ಊದ್ ಮೇಥಾದ ಮಗನ ಫ್ಲ್ಯಾಟಿನಲ್ಲಿ ನಾನು ನೀರುದೋಸೆ ಹೊಯ್ಯುವಾಗ ಬೆನ್ನ ಹಿಂದೆ ನಿಂತು ದಿನಾ ಹೇಳುತ್ತಿದ್ದಳು. ಅವನು ಹಳ್ಳಿಯ ಪೊಲೀಸನಂತೆ. ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರ್ ಓಡುವಾಗ ಅರ್ಧದಲ್ಲಿ ದಬಕ್ಕನೆ ಬಿದ್ದನಂತೆ. ಎದ್ದು ಓಡಿ ಚಿನ್ನವನ್ನೇ ಗೆದ್ದನಂತೆ. ಆ ಸಲ ಎರಡು ಚಿನ್ನ, ನಾಲ್ಕು ವರ್ಷ ಬಿಟ್ಟು ಮತ್ತೆರಡು. "ಬಿದ್ದಾಗ ಕಾಲು ತರಚಲಿಲ್ವಾ ಪಾಪ? ಯಾರೂ ಅರಸಿನ ಹಚ್ಚಲಿಲ್ವಾ?" ಎಂದು ನಾನು. "ಅಜ್ಜೀ, ದಟ್ಸ್ ನಾಟ್ ದ ಪಾಯಿಂಟ್!" ಎಂದು ಅವಳು.

ಶಾಲೆಯ ಕ್ರೀಡಾಕೂಟದಲ್ಲಿ ಅವಳದು ಸಾವಿರದ ಐನೂರು ಮೀಟರ್ ಓಟ. ಗೆದ್ದರೆ ಅಬುಧಾಬಿಯ ದೊಡ್ಡ ಕೂಟಕ್ಕೆ ಆಯ್ಕೆ. ಅದಕ್ಕೆಂದೇ ಮೂರು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದಿದ್ದಾಳೆ. ನಾನು ಕಂಚಿ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಪಕ್ಕದವರಿಗೆಲ್ಲ "ಅದು ನಮ್ಮದು, ಕೆಂಪು ರಿಬ್ಬನ್ನಿನದು" ಎಂದು ಹೇಳಿ ಮುಗಿದಿರಲಿಲ್ಲ, ಎರಡನೇ ಸುತ್ತಿನಲ್ಲಿ ಯಾರದೋ ಕಾಲು ತಾಗಿ ನಮ್ಮದು ಬಿತ್ತು.

ಹಗ್ಗದ ಕೆಳಗೆ ಹೇಗೆ ನುಸುಳಿದೆನೋ ನೆನಪಿಲ್ಲ. ಅವಳನ್ನು ಎತ್ತಿ, ಸೆರಗಿನಿಂದ ಮಂಡಿ ಒರೆಸಿ, ಅಷ್ಟಕ್ಕೇ ಬಿಡದೆ ನೆಲಕ್ಕೆ ಪಟಪಟನೆ ಬಾರಿಸಿದೆ. ನಮ್ಮ ಕಡೆ ಮಗು ಬಿದ್ದರೆ ತಪ್ಪು ನೆಲದ್ದು. ಅದಕ್ಕೆ ಎರಡು ಕೊಟ್ಟರೇ ಮಗು ಅಳು ನಿಲ್ಲಿಸುವುದು. "ನಮ್ಮ ಬಾಲೆಯನ್ನು ಬೀಳಿಸ್ತೀಯಾ? ತಗೋ!" ಬಾಲೆಗೆ ಹದಿಮೂರು ವರ್ಷ. ಮೈದಾನವಿಡೀ ನಕ್ಕಿತು. "ಬಿಡಿ ಅಜ್ಜೀ, ನಾನೇ ಏಳ್ತಿದ್ದೆ!" ಎಂದು ಕೈ ಕೊಸರಿಕೊಂಡು ಓಡಿದಳು ನೋಡಿ, ಎಲ್ಲರನ್ನೂ ಹಿಂದೆ ಹಾಕಿ ಮೊದಲೇ ಬಂದಳು! ನಾನು ಕುಣಿಯುವುದೊಂದು ಬಾಕಿ. ಆಗ ತೀರ್ಪುಗಾರರು ಬಂದು, ಹೊರಗಿನವರು ಎತ್ತಿದರೆ ಆ ಓಟ ಲೆಕ್ಕಕ್ಕಿಲ್ಲ ಎಂದರು. ಖಲಾಸ್.

ಕಾರಿನಲ್ಲಿ ಮಗ, "ಕೂತಲ್ಲಿ ಕೂತಿದ್ರೆ ಆಗ್ತಿರ್ಲಿಲ್ವಾ? ಎಂತ ಅಮ್ಮ ನೀವು!" ಎಂದ. ನಾನು "ತಪ್ಪಾಯ್ತು ಮಗಾ" ಎಂದು ಪ್ರಾಪ್ತಿಗೆ ಹೇಳಿದೆ. ಅವಳು ಕೆಂಪಾಗಿದ್ದ ನನ್ನ ಅಂಗೈ ಹಿಡಿದು, "ನೋವುಂಟಾ? ನೆಕ್ಸ್ಟ್ ಇಯರ್ ಗೆಲ್ತೇನೆ ಅಜ್ಜಿ. ಬಟ್ ನೀವು ಮನೆಯಲ್ಲಿ" ಎಂದಳು.

ಒಪ್ಪಿದೆ. ಆ ಫಿನ್ಲೆಂಡಿನವನು ಬಿದ್ದೂ ಗೆದ್ದದ್ದು ಹೇಗೆಂದು ಈಗ ನನಗೆ ಚೆನ್ನಾಗಿ ಅರ್ಥವಾಗಿದೆ. ಅವತ್ತು ಅವನ ಅಜ್ಜಿ ಮುಂದಿನ ಸಾಲಿನಲ್ಲಿ ಇರಲಿಲ್ಲ.