ಹೋಟೆಲು ಬಿಟ್ಟು ಹಾರಿದ ದಿನ

ನಾನು ಮೊದಲ ಸಲ ಹೇಳದೆ ಕೇಳದೆ ಮನೆಯಿಂದ ಹೊರಟುಹೋದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಬೆಳಿಗ್ಗೆ. ಆಮೇಲೆ ಅದೇ ಚಾಳಿಯಾಯಿತು. ಎಲ್ಲಿ ನಿಂತರೂ ಒಂದು ವರ್ಷ, ಹೆಚ್ಚೆಂದರೆ ಎರಡು. ಹೀಗೆ ಅಲೆಯುವವನ ತಲೆ ಮೇಲೆ ತಮಾಷೆಗಳು ತಾವಾಗಿಯೇ ಬಂದು ಬೀಳುತ್ತಿರುತ್ತವೆ. ಎಂಬತ್ತರ ದಶಕದಲ್ಲಿ, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ವೇಟರ್ ಆಗಿದ್ದಾಗ, ಚಳಿಗಾಲದ ಒಂದೇ ದಿನದಲ್ಲಿ ಬಿದ್ದವು ಇವು.

ರಜೆ

ನಮ್ಮ ಹೋಟೆಲಿಗೆ ದಿನಾ ಬರುತ್ತಿದ್ದ ವಿಜಾಪುರದ ಇಂಜಿನಿಯರ್ ಒಬ್ಬರಿಗೆ ಹಾರುವ ಹುಚ್ಚು. ಅಲ್ಯೂಮಿನಿಯಂ ಪೈಪಿಗೆ ಹಾಯಿಬಟ್ಟೆ ಬಿಗಿದು, ದೊಡ್ಡ ಗಾಳಿಪಟದ ಹಾಗೆ ಒಂದು ಗ್ಲೈಡರ್ ಮಾಡಿಕೊಂಡಿದ್ದರು. ಅದರ ಕೆಳಗೆ ನೇತಾಡಿಕೊಂಡು ಗುಡ್ಡದಿಂದ ಹಾರುವುದು. ಅದನ್ನು ಹೊತ್ತು ಕೊಡುತ್ತ, ಸಣ್ಣ ದಿಬ್ಬಗಳಲ್ಲಿ ಓಡಿ ಹಾರಿ ಕಲಿಯುತ್ತ ನಾನು ಎರಡು ತಿಂಗಳು ಕಳೆದಿದ್ದೆ. "ಈ ಸಲ ಗುಡ್ಡದ ತುದಿಯಿಂದ ಬಿಡ್ತೀನಿ ತಮ್ಮಾ" ಎಂದರು. ಹೋಟೆಲಿನ ಧಣಿಗಳ ಹತ್ತಿರ ರಜೆ ಕೇಳಿದೆ.

"ಹಾರಲಿಕ್ಕೆ ರಜೆಯಾ? ಮದುವೆಗೆ ಕೊಟ್ಟಿದ್ದೇನೆ, ತಿಥಿಗೆ ಕೊಟ್ಟಿದ್ದೇನೆ. ಹಾರಲಿಕ್ಕೆ ಕೊಟ್ಟರೆ ನಾಳೆ ಅಡಿಗೆ ಭಟ್ರು ಈಜಲಿಕ್ಕೆ ಕೇಳ್ತಾರೆ ಮಾರಾಯ!"

ಕೊನೆಗೆ ಒಂದು ಮಾತು ಹೇಳಿದರು: "ಸಂಜೆ ನಾಲ್ಕರ ಚಹಾದ ಹೊತ್ತಿಗೆ ಇಲ್ಲಿರಬೇಕು. ಇಲ್ಲದಿದ್ದರೆ ನಿನ್ನ ಪೆಟ್ಟಿಗೆ ತೆಗೆದುಕೊಂಡು ಹೋಗಲಿಕ್ಕೆ ಮಾತ್ರ ಬಾ."

ಲಗೇಜ್ ಡಬ್ಬಿ

ಬೆಳಿಗ್ಗೆ ಕಲ್ಯಾಣದ ಲೋಕಲಿನ ಲಗೇಜ್ ಡಬ್ಬಿಯಲ್ಲಿ, ಹಾಲಿನ ಕ್ಯಾನುಗಳ ಮೇಲೆ, ನಮ್ಮ ಉದ್ದನೆಯ ಗಂಟು ಮಲಗಿತ್ತು. ಒಂದು ತುದಿ ಬಾಗಿಲಿನಲ್ಲಿ, ಇನ್ನೊಂದು ತುದಿ ಮೀನು ಮಾರುವ ಒಬ್ಬ ಹೆಂಗಸಿನ ತೊಡೆ ಮೇಲೆ. ಅವಳು ಅದರ ಮೇಲೆ ಕೈಯಿಟ್ಟು ನಿದ್ದೆ ಹೋಗಿದ್ದಳು. ಟಿಸಿ ಬಂದ.

"ಏನಿದು?"

"ವಿಮಾನ" ಎಂದರು ಇಂಜಿನಿಯರ್, ಹೆಮ್ಮೆಯಿಂದ.

ಟಿಸಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ವಿಮಾನ ಇಟ್ಟುಕೊಂಡವರು ಟ್ರೇನಿನಲ್ಲಿ ಯಾಕೆ ಬರ್ತೀರಿ?"

ತೂಕ

ಕಲ್ಯಾಣ ಸ್ಟೇಷನ್ನಿನಲ್ಲಿ ತೂಕದ ಮಿಷನ್ ಇತ್ತಲ್ಲ, ಬಣ್ಣದ ದೀಪ ಸುತ್ತುವಂಥದ್ದು, ಇಂಜಿನಿಯರ್ ನನ್ನನ್ನು ಅದರ ಮೇಲೆ ಹತ್ತಿಸಿದರು. ನಲವತ್ತೈದು ಕಿಲೋ.

"ಐವತ್ತು ಬೇಕಲೇ! ಇಲ್ಲಂದ್ರ ಗಾಳಿ ನಿನ್ನ ಎತ್ತಿಕೊಂಡು ಕರ್ಜತಕ್ಕ ಒಯ್ತೈತಿ."

ಒಂದು ಡಜನ್ ಬಾಳೆಹಣ್ಣು ತಿನ್ನಿಸಿ ಮತ್ತೆ ಹತ್ತಿಸಿದರು. ನಲವತ್ತಾರೂವರೆ. ತೂಕದ ಟಿಕೀಟಿನ ಹಿಂದೆ ಭವಿಷ್ಯ ಅಚ್ಚಾಗಿತ್ತು: ಈ ವಾರ ಪ್ರಯಾಣ ಒಳ್ಳೆಯದಲ್ಲ. ಇಂಜಿನಿಯರ್ ಓದಿ ಟಿಕೀಟು ಹರಿದುಹಾಕಿದರು.

"ಅದು ರೈಲಿನ ಪ್ರಯಾಣಕ್ಕ ಹೇಳಿದ್ದು. ಅದು ಆಗ್ಲೇ ಮುಗೀತು, ನಡಿ."

ಎಡಗೈ

ಟೆಂಪೋದಲ್ಲಿ ಮಲಂಗಗಡದ ಕಡೆಯ ಒಂದು ಗುಡ್ಡಕ್ಕೆ ಹೋದೆವು. ಕಡಿಮೆ ಬಿದ್ದ ತೂಕಕ್ಕೆ ನನ್ನ ಸೊಂಟಕ್ಕೆ ಮರಳಿನ ಚೀಲ ಕಟ್ಟಿದರು. ಎರಡೂ ಕೈಯಲ್ಲಿ ಗ್ಲೈಡರಿನ ಅಡ್ಡದಂಡ ಹಿಡಿದು ಇಳಿಜಾರಿನಲ್ಲಿ ಓಡಿ ತೋರಿಸು ಎಂದರು. ಊರೂರ ಹೋಟೆಲುಗಳಲ್ಲಿ ಹತ್ತು ವರ್ಷ ಎಡಗೈ ಮೇಲೆ ಸಾಲಾಗಿ ಪ್ಲೇಟು ಇಟ್ಟುಕೊಂಡು ಓಡಿದವನು ನಾನು. ಕಾಲು ಓಡಿದ ಕೂಡಲೇ ಎಡಗೈ ತಾನಾಗಿ ಎದೆಯೆತ್ತರಕ್ಕೆ ಏಳುತ್ತಿತ್ತು, ರೆಕ್ಕೆ ವಾಲುತ್ತಿತ್ತು.

"ಎಡಗೈ ಇಳಸೋ! ಅದರ ಮ್ಯಾಲ ದ್ವಾಸಿ ಇಲ್ಲ!"

ಮೂರನೆಯ ಓಟಕ್ಕೆ ಕೈ ಸರಿಯಾಯಿತು. ಆದರೆ ಗಾಳಿ ಇಲ್ಲ. ಹನ್ನೆರಡಾಯಿತು, ಒಂದಾಯಿತು. ಹುಲ್ಲಿನ ಒಂದು ಎಸಳೂ ಅಲ್ಲಾಡಲಿಲ್ಲ. ಎರಡಕ್ಕೆ ಮೊದಲ ಗಾಳಿ ಮುಖಕ್ಕೆ ತಾಗಿತು.

"ಈಗ ಕೆಳಗ ಇಳಿದು ಹೊಂಟರ ನಾಲ್ಕಕ್ಕ ಹೋಟೆಲ್ ಮುಟ್ತಿ" ಎಂದರು ಇಂಜಿನಿಯರ್. "ಗಾಳಿನೂ ಈಗ ಬರಾಕತ್ತೈತಿ. ಏನ್ ಮಾಡ್ತಿ?"

ಅವರು ಜೊತೆಗೆ ತಂದಿದ್ದ ಸ್ಕೂಟರಿನ ಹೆಲ್ಮೆಟ್ ನಾನು ತೆಗೆದು ತಲೆಗೆ ಹಾಕಿಕೊಂಡೆ.

ಇಳಿದದ್ದು

ಎಂಟು ಹೆಜ್ಜೆ ಓಡಿದೆ. ಒಂಬತ್ತನೆಯದಕ್ಕೆ ನೆಲ ಸಿಗಲಿಲ್ಲ. ಕೆಳಗೆ ಕೊಯ್ದ ಭತ್ತದ ಗದ್ದೆಗಳು ಹರವಿದ ಗೋಣಿಯ ಹಾಗೆ, ಎಮ್ಮೆಗಳು ಹುಣಸೆ ಬೀಜದ ಹಾಗೆ. ಬಿಸಿಲು ಬೆನ್ನಿಗೆ, ತಣ್ಣನೆಯ ಗಾಳಿ ಎದೆಗೆ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಒಬ್ಬನೇ ಗಟ್ಟಿಯಾಗಿ ನಕ್ಕೆ.

ನಗು ನಿಂತದ್ದು ಕೆಳಗೆ ನೋಡಿದಾಗ. ಇಳಿಯಬೇಕಾದ ಗದ್ದೆಯಲ್ಲಿ ಊರಿನವರೆಲ್ಲ ತಲೆಯೆತ್ತಿ, ಬಾಯಿ ತೆರೆದು ಗುಂಪಾಗಿ ನಿಂತಿದ್ದರು. ಪಕ್ಕಕ್ಕೆ ಸರಿಯಿರಿ ಎಂದು ಹೇಳಬೇಕು. ಹೆದರಿಕೆಗೆ ಬಾಯಲ್ಲಿ ಬಂದದ್ದು ಬಿಸಿ ಚಹಾ ಹಿಡಿದು ಓಡುವಾಗ ದಾರಿ ಬಿಡಿಸುವ ವೇಟರಿನ ಕೂಗು ಒಂದೇ: "ಬಾಜು! ಬಾಜು! ಗರಂ ಹೈ!"

ಜನ ಸರಕ್ಕನೆ ದಾರಿ ಬಿಟ್ಟರು. ನಾನು ಹುಲ್ಲಿನ ಬಣವೆಗೆ ಹೊಕ್ಕು ನಿಂತೆ. ಒಬ್ಬಳು ಅಜ್ಜಿ ಹತ್ತಿರ ಬಂದು ನನ್ನ ಎರಡೂ ಕೈ ತಿರುಗಿಸಿ ನೋಡಿದಳು. ಮರಾಠಿಯಲ್ಲಿ ಕೇಳಿದಳು: "ಚಹಾ ಎಲ್ಲಪ್ಪಾ?"

ಹೋಟೆಲಿಗೆ ಮುಟ್ಟುವಾಗ ಆರೂವರೆ. ಧಣಿಗಳು ಗಲ್ಲೆಯ ದುಡ್ಡಿನಿಂದ ತಲೆಯೆತ್ತದೆ ಒಳಗಿನ ನನ್ನ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಆದರೂ ತಡೆಯಲಾಗಲಿಲ್ಲ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

"ನಿಜವಾಗಿ ಹಾರಿದೆಯಾ?"

"ಹೌದು ಧಣಿ."

"ಮೇಲಿಂದ ನಮ್ಮ ಹೋಟೆಲು ಕಾಣ್ತಿತ್ತಾ?"

"ಇಲ್ಲ ಧಣಿ."

ಧಣಿಗಳು ತಲೆಯಾಡಿಸಿದರು. "ನಾನು ಆಗಲೇ ಹೇಳಿದ್ದೆ, ಬೋರ್ಡು ಸಣ್ಣದಾಯ್ತು ಅಂತ."

ನಾನು ಲುಂಗಿ ಮಡಚಿ ಪೆಟ್ಟಿಗೆಗೆ ಹಾಕಿದೆ.